ಮರೀಗೌಡರ ಹೊಲದಲ್ಲಿ ಶನಿ

ಲೆಕ್ಕದ ಮೇಷ್ಟರಿಗೆ ಹೆದರುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಹೆದರುವ ಲೆಕ್ಕದ ಮೇಷ್ಟರನ್ನು ಮಾತ್ರ ನೋಡಿರಲಾರಿರಿ, ಏಕೆಂದರೆ ನಾವು ಅದನ್ನು ಹೊರಗೆ ತೋರಗೊಡುವುದಿಲ್ಲ. ಕೈಯಲ್ಲಿ ಸೀಮೆಸುಣ್ಣ ಇರುವವರೆಗೆ ನಮ್ಮ ಧೈರ್ಯಕ್ಕೇನೂ ಕೊರತೆಯಿಲ್ಲ. ಗಂಟೆ ಹೊಡೆದು, ಮಕ್ಕಳೆಲ್ಲ ಮನೆಗೆ ಓಡಿ, ಖಾಲಿ ಕೋಣೆಯಲ್ಲಿ ನಾನೊಬ್ಬನೇ ಕಪ್ಪುಹಲಗೆ ಒರೆಸುವಾಗ, ಹಿಂದಿನ ಬೆಂಚಿನಲ್ಲಿ ಯಾರೋ ಇನ್ನೂ ಕೂತಿದ್ದಾರೆ ಎಂದು ಬೆನ್ನಿಗೆ ಅನ್ನಿಸುವುದುಂಟು. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಆದರೂ ನಾನು ಹಲಗೆಯನ್ನು ಅರ್ಧ ಒರೆಸಿ ಸ್ಕೂಟರಿನ ಕಡೆ ಸ್ವಲ್ಪ ಬೇಗ ನಡೆಯುತ್ತೇನೆ. ನನ್ನ ಹೆಂಡತಿ ಗಿರಿಜ ಇದನ್ನೆಲ್ಲ ಬಲ್ಲವಳು. "ನಿಮಗೆ ದೆವ್ವದ ಮೇಲೆ ನಂಬಿಕೆ ಇಲ್ಲ ರೀ, ಭಯ ಮಾತ್ರ ಇದೆ" ಎಂದು ಒಮ್ಮೆ ಅವಳ ತವರಿನವರ ಮುಂದೆಯೇ ಹೇಳಿದ್ದಳು. ನಾನು ನಕ್ಕುಬಿಟ್ಟೆ. ಸರಿಯಾಗಿ ಹೇಳಿದವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ನಾನು ಹೇಳಹೊರಟಿರುವುದು, ಬೆಂಗಳೂರಿನ ಕಡೆಯಿಂದ ಕಾರ್ಖಾನೆಗಳು ಮೈಸೂರು ರಸ್ತೆ ಹಿಡಿದು ಒಂದೊಂದಾಗಿ ನಮ್ಮತ್ತ ಬರುತ್ತಿದ್ದ ವರ್ಷಗಳ ಮಾತು. ನಮ್ಮ ಬಾಡಿಗೆ ಮನೆ ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದುಗಡೆ. ಆ ವಾಸನೆಗೆ ಮೂಗು ಒಗ್ಗಿಹೋದಮೇಲೆ ಅದೊಂದು ಒಳ್ಳೆಯ ಮನೆಯೇ. ಶಾಲೆ ಇದ್ದದ್ದು ಕನಕಪುರದ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ. ಸುತ್ತ ಹಿಪ್ಪುನೇರಳೆ, ರಾಗಿ, ಅವುಗಳ ನಡುವೆ ಎಲ್ಲೆಂದರಲ್ಲಿ ಬಂಡೆ. ಬೆಳಿಗ್ಗೆ ಮಂಜಿನಲ್ಲಿ ಹೋಗುವಾಗ ಆ ಬಂಡೆಗಳು ಏನೋ ಮಾತಾಡಿಕೊಳ್ಳುತ್ತಿದ್ದು, ನನ್ನ ಸ್ಕೂಟರಿನ ಸದ್ದಿಗೆ ಮಾತು ನಿಲ್ಲಿಸಿದಂತೆ ಕಾಣುತ್ತಿದ್ದವು. ಇಂಥ ಊರಿನಲ್ಲಿ ನಾನು ಏಳನೇ ತರಗತಿಗೆ ಅನುಪಾತ ಕಲಿಸಬೇಕಾಗಿತ್ತು. ಹಲಗೆಯ ಮೇಲೆ ಎಷ್ಟು ಬರೆದರೂ ಮಕ್ಕಳ ಕಣ್ಣಿನಲ್ಲಿ ದೀಪ ಹತ್ತಲಿಲ್ಲ. ಕೊನೆಗೆ ಸವಿತ ಎಂಬ ಹುಡುಗಿ, ತರಗತಿಯಲ್ಲೇ ಚುರುಕಾದವಳು, "ಸಾ, ಈ ಅನುಪಾತ ಎಲ್ಲೈತೆ ಸಾ?" ಎಂದು ಕೇಳಿದಳು. ಮೇಯಲು ಬಿಟ್ಟ ಮೇಕೆಯನ್ನು ವಿಚಾರಿಸುವ ಹಾಗಿತ್ತು ಆ ಪ್ರಶ್ನೆ. ನಾನು ಆವೇಶದಲ್ಲಿ ಕಿಟಕಿಯ ಆಚೆ ಆಕಾಶದ ಕಡೆ ಕೈ ತೋರಿಸಿ, "ಅಲ್ಲೈತೆ" ಎಂದುಬಿಟ್ಟೆ. ಆವೇಶದಲ್ಲಿ ಆಡಿದ ಮಾತನ್ನು ಉಳಿಸಿಕೊಳ್ಳುವುದು ಮೇಷ್ಟರ ಬಾಳಿನ ದೊಡ್ಡ ಕಷ್ಟ.

ಹೀಗೆ ಶುರುವಾಯಿತು ನಮ್ಮ ಸೌರವ್ಯೂಹ. ಸೂರ್ಯನಿಗೂ ಭೂಮಿಗೂ ನಡುವಿನ ಹದಿನೈದು ಕೋಟಿ ಕಿಲೋಮೀಟರನ್ನು ನೂರು ಮೀಟರಿಗೆ ಇಳಿಸಿದೆವು. ಅದೇ ಪ್ರಮಾಣದಲ್ಲಿ ಮಿಕ್ಕ ಗ್ರಹಗಳ ದೂರವನ್ನೂ ಗಾತ್ರವನ್ನೂ ಮಕ್ಕಳೇ ಲೆಕ್ಕ ಹಾಕಬೇಕು, ಶಾಲೆಯ ಗೋಡೆಯ ಮೇಲಿನ ಹಳದಿ ಸೂರ್ಯನಿಂದ ಹೊರಟು ಗಾಡಿದಾರಿಯ ಉದ್ದಕ್ಕೂ ಒಂದೊಂದು ಗ್ರಹವನ್ನು ಕೋಲಿನ ತುದಿಗೆ ಸಿಕ್ಕಿಸಿ ನೆಡಬೇಕು. ಗುರು ಅರ್ಧ ಕಿಲೋಮೀಟರಿನ ಆಚೆ, ಶನಿ ಹೆಚ್ಚುಕಡಿಮೆ ಒಂದು ಕಿಲೋಮೀಟರು, ನೆಪ್ಚೂನು ಮೂರು ಕಿಲೋಮೀಟರು. ಆಗತಾನೆ ದೊಡ್ಡವರೆಲ್ಲ ಸೇರಿ ಪ್ಲೂಟೋವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ್ದರಿಂದ ನನಗೆ ಒಂದು ಕೋಲು ಉಳಿಯಿತು. ಮುಖ್ಯೋಪಾಧ್ಯಾಯರು ಒಂದು ಷರತ್ತಿನ ಮೇಲೆ ಒಪ್ಪಿದರು. ತಿಂಗಳ ಕೊನೆಯ ಶನಿವಾರ ಪೋಷಕರ ಸಭೆಯಲ್ಲಿ ಮಕ್ಕಳು ಅಪ್ಪ ಅಮ್ಮಂದಿರನ್ನು ಸೂರ್ಯನಿಂದ ಹೊರಡಿಸಿ ನಡೆಸಿಕೊಂಡು ಹೋಗಿ ಅನುಪಾತ ವಿವರಿಸಬೇಕು. "ಇದೇನಾದರೂ ಕೆಟ್ಟರೆ ಇನ್ನುಮೇಲೆ ಹಲಗೆ ಬಿಟ್ಟು ನೀವು ಅಲ್ಲಾಡಕೂಡದು" ಎಂದರು. ನಾನು ತಲೆಯಾಡಿಸಿದೆ.

ಗ್ರಹಗಳನ್ನು ಮಾಡಿಸಲು ಚನ್ನಪಟ್ಟಣದ ನವಾಜ್ ಸಾಬರ ಹತ್ತಿರ ಹೋದೆ. ತಲೆಮಾರುಗಳಿಂದ ಮರದ ಬೊಂಬೆ ಕಡೆಯುವ ಮನೆತನ. ಮಕ್ಕಳ ಬಾಯಿಗೆ ಹೋಗುವ ವಸ್ತು ಎಂಬುದನ್ನು ಬಿಟ್ಟು ಬೇರೆ ರೀತಿಯಲ್ಲಿ ಅವರಿಗೆ ಯಾವ ಉರುಟು ವಸ್ತುವೂ ಕಾಣದು. ಕಡಲೆಕಾಳಿನ ಗಾತ್ರದ ಒಂದು ಗುಂಡು ಬೇಕೆಂದಾಗ ಯಂತ್ರ ನಿಲ್ಲಿಸಿ, "ಏನ್ ಮಾಸ್ಟರ್, ಈ ಸೈಜಿಂದು ಮಗು ನುಂಗ್ಬಿಡ್ತದೆ" ಎಂದರು. "ಅದು ಭೂಮಿ" ಎಂದೆ. "ಭೂಮಿ ಆದ್ರೇನು, ನುಂಗಿದ್ರೆ ಕಷ್ಟ ಅಲ್ವಾ?" ಎಂದರು. ಕೊನೆಗೆ ಸಣ್ಣ ಗ್ರಹಗಳಿಗೆ ಸರದ ಮಣಿಗಳನ್ನೇ ಕೊಟ್ಟು, ದೊಡ್ಡವನ್ನು ಮರದಲ್ಲಿ ಕಡೆದು ಅರಗಿನ ಬಣ್ಣ ಹಿಡಿಸಿದರು. ಶನಿಗೆ ತೆಳುವಾದ ಉಂಗುರ. ಚಕ್ಕೆ ಎದ್ದು ಮಗುವಿನ ಕೈಗೆ ಚುಚ್ಚೀತೆಂದು ಅದರ ಅಂಚನ್ನು ಎಷ್ಟು ನಯ ಮಾಡಿದರೆಂದರೆ, ಅಷ್ಟು ನಯವಾದ ಶನಿಯನ್ನು ಯಾರೂ ಕಂಡಿರಲಾರರು. ಕೋಲುಗಳ ಕೆಲಸ ಮಾತ್ರ ನನ್ನ ಸ್ವಂತ ಬುದ್ಧಿ. ಅವಕ್ಕೆ ಮೀಟರಿನ ಹತ್ತನೇ ಒಂದು ಭಾಗಕ್ಕೆ ಒಂದರಂತೆ ಕೆಂಪು, ಬಿಳಿ, ಕೆಂಪು, ಬಿಳಿ ಪಟ್ಟೆ ಬಳಿಸಿದೆ. ದೂರದಿಂದ ಕಾಣುತ್ತದೆ, ಜೊತೆಗೆ ಮಕ್ಕಳಿಗೆ ದಶಮಾಂಶವೂ ತಿಳಿಯುತ್ತದೆ. ಆ ಸಂಜೆ ನನಗೆ ನನ್ನ ಮೇಲೆಯೇ ಬಹಳ ಅಭಿಮಾನ ಉಕ್ಕಿತ್ತು.

ನೆಟ್ಟೆವು. ಹೆಸರು ಬರೆದ ರಟ್ಟಿನ ಚೀಟಿಗಳನ್ನು ಕಟ್ಟಿದೆವು. ಗುರುವಿನ ಹೆಸರನ್ನು ಮೊದಲ ದಿನವೇ ಒಂದು ಹಸು ತಿಂದಿತು. ಮಿಕ್ಕವನ್ನು ಇಬ್ಬನಿ ತಿಂದಿತು. ಕೊನೆಯ ನೆಪ್ಚೂನು ಬಿದ್ದದ್ದು ಊರಾಚೆ ಹೊಸದಾಗಿ ಗೆರೆ ಎಳೆದಿದ್ದ ಒಂದು ಬಡಾವಣೆಯ ಹತ್ತಿರ. ಅಲ್ಲಿ ನನ್ನದೂ ಒಂದು ಸೈಟಿತ್ತು. ಪಕ್ಕದ್ದು ಮುಖ್ಯೋಪಾಧ್ಯಾಯರದು, ನನ್ನ ಮಾತು ಕೇಳಿ ಖರೀದಿಸಿದ್ದರು. ಗೂಡಿನ ವಾಸನೆಯಿಂದ ಬಿಡುಗಡೆಯಾಗಿ ಅಲ್ಲೊಂದು ಮನೆ ಕಟ್ಟಬೇಕೆಂಬುದು ಗಿರಿಜಳ ಬಹುಕಾಲದ ಆಸೆ. ಗೋಡೆ ಏಳುವ ಮೊದಲೇ ಅಡುಗೆಮನೆಯ ಕಿಟಕಿ ಎಲ್ಲಿ ಎಂಬುದು ತೀರ್ಮಾನವಾಗಿತ್ತು. ಭಾನುವಾರ ಹೋದಾಗಲೆಲ್ಲ ಇಲ್ಲದ ಆ ಕಿಟಕಿಯ ಮುಂದೆ ನಿಂತು ಬಂಡೆಗಳನ್ನು ನೋಡುತ್ತಿದ್ದಳು.

ಕೋಲು ನೆಟ್ಟ ಮಾರನೆಯ ಬೆಳಿಗ್ಗೆ ಹಗ್ಗ ಹಿಡಿದು ದೂರ ಅಳೆಯಲು ಹೋದ ಮಕ್ಕಳು ಬೇಗ ವಾಪಸು ಬಂದರು. "ಸಾ, ಬುಧ ಇಲ್ಲ ಸಾ." ಹೋಗಿ ನೋಡಿದೆ. ಬುಧ ಇತ್ತು, ಆದರೆ ನೆಟ್ಟ ಕಡೆ ಇರಲಿಲ್ಲ. ನಾಲ್ಕು ಹೆಜ್ಜೆ ಆಚೆಗೆ, ಹುಟ್ಟಿನಿಂದ ಅಲ್ಲೇ ಇತ್ತೆಂಬಷ್ಟು ನೇರವಾಗಿ ನಿಂತಿತ್ತು. ಶುಕ್ರನೂ ಹಾಗೆಯೇ. ಯಾವುದೋ ಪುಂಡರ ಕೆಲಸವೆಂದು ಬೈದು ಸರಿಪಡಿಸಿದೆ. ಅದರ ಮರುದಿನ ಮತ್ತೆ. ಈ ಸಲ ಮಂಗಳ ರಸ್ತೆ ದಾಟಿತ್ತು. ಅದಕ್ಕಿಂತ ವಿಚಿತ್ರವೆಂದರೆ ಸುತ್ತಲಿನ ಮಣ್ಣಿನಲ್ಲಿ ಹೆಜ್ಜೆಗುರುತಿಲ್ಲ. ಯಾರೋ ಸೊಪ್ಪಿನಿಂದ ಗುಡಿಸಿದಂತೆ ನುಣ್ಣಗಿತ್ತು. ಪುಂಡರು ಕೀಳುತ್ತಾರೆ, ಮುರಿಯುತ್ತಾರೆ, ಗುಂಡನ್ನು ಆಟಕ್ಕೆ ಒಯ್ಯುತ್ತಾರೆ. ಇಷ್ಟು ಮರ್ಯಾದೆಯಿಂದ ಸರಿಸುವ ಪುಂಡರನ್ನು ನಾನು ಕೇಳಿರಲಿಲ್ಲ. ಮಂಜಿನಲ್ಲಿ ಆ ಪಟ್ಟೆಪಟ್ಟೆಯ ಕೋಲು, ಮೇಲೆ ಹೊಳೆಯುವ ಒಂದು ಗುಂಡು, ಸುತ್ತ ಪಿಟ್ಟೆನ್ನುವ ಸದ್ದೂ ಇಲ್ಲ. ನನ್ನ ತೋಳಿನ ಮೇಲೆ ನವಿರೆದ್ದಿತು. ಮಕ್ಕಳ ಮುಂದೆ ಅಂಗಿಯ ತೋಳು ಕೆಳಗಿಳಿಸಿ ಗುಂಡಿ ಹಾಕಿಕೊಂಡೆ.

ದಿನವೂ ಗ್ರಹಗಳು ಎಷ್ಟು ಸರಿದವೆಂದು ಸವಿತ ಅಳೆದು ಹಲಗೆಯ ಮೇಲೆ ಬರೆಯತೊಡಗಿದಳು. ಅನುಪಾತ ಈಗ ಎಲ್ಲರಿಗೂ ನೀರು ಕುಡಿದಂತೆ ಬರುತ್ತಿತ್ತು, ಅದೊಂದು ಸಮಾಧಾನ. ಆದರೆ ಅವಳು ಬರೆದದ್ದನ್ನು ಒಂದು ಮಧ್ಯಾಹ್ನ ಒಟ್ಟಿಗೆ ನೋಡಿದಾಗ ಸೀಮೆಸುಣ್ಣ ಕೆಳಗಿಟ್ಟೆ. ಸೂರ್ಯನ ಹತ್ತಿರದ ಗ್ರಹಗಳು ಬೇಗ ಬೇಗ ಸರಿಯುತ್ತಿದ್ದವು. ದೂರದವು ನಿಧಾನ. ಗುರು ಆಗೊಮ್ಮೆ ಈಗೊಮ್ಮೆ, ಶನಿ ಇನ್ನೂ ಅಪರೂಪಕ್ಕೆ, ಯುರೇನಸ್ಸೂ ನೆಪ್ಚೂನೂ ಅಲ್ಲಾಡಿರಲೇ ಇಲ್ಲ. ಆಕಾಶದಲ್ಲಿ ಇರುವುದೂ ಹೀಗೆಯೇ. ಮರದ ಗುಂಡುಗಳಿಗೆ ಇದನ್ನು ಹೇಳಿಕೊಟ್ಟವರು ಯಾರು? ನಾನಂತೂ ಮಕ್ಕಳಿಗೂ ಇನ್ನೂ ಹೇಳಿಕೊಟ್ಟಿರಲಿಲ್ಲ. ಮೇಲಿನಿಂದ ಏನೋ ಒಂದು ನಮ್ಮ ಆಟವನ್ನು ನೋಡಿ ತಾನೂ ಒಂದು ಕೈ ಹಾಕಿದೆ ಎಂಬ ಯೋಚನೆ ಬಂದು ಅಲ್ಲೇ ಕುರ್ಚಿಯಲ್ಲಿ ಕೂತೆ. "ಯಾರು ಮಾಡುತ್ತಿದ್ದಾರೆ ಹೇಳ್ರಪ್ಪ, ಹೊಡೆಯೋದಿಲ್ಲ" ಎಂದರೆ ಇಡೀ ತರಗತಿ ತಲೆ ತಗ್ಗಿಸಿತು. ಸವಿತ ಮಾತ್ರ ನೆಲ ನೋಡುತ್ತಲೇ, "ಗ್ರಹ ಅಲ್ವಾ ಸಾ, ಒಂದೇ ತಾವ ನಿಂತಿರ್ತದಾ?" ಎಂದಳು. ಆ ಮಾತಿನಿಂದ ನನಗೆ ಧೈರ್ಯವೇನೂ ಬರಲಿಲ್ಲ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ನಾನು ಭೂತಪ್ರೇತಗಳು ಇಲ್ಲವೆಂದು ದೊಡ್ಡ ದನಿಯಲ್ಲಿ ಭಾಷಣ ಮಾಡಿದೆ. ಭಾಷಣ ಮುಗಿಸಿ ನೋಡಿದರೆ ಭೂಮಿ ಇರಲಿಲ್ಲ. ಶನಿವಾರ ಹತ್ತಿರ ಬರುತ್ತಿತ್ತು. ಗ್ರಹಗಳು ಹೀಗೆ ತಿರುಗಾಡುತ್ತಿದ್ದರೆ ಮಕ್ಕಳು ಪೋಷಕರಿಗೆ ತೋರಿಸುವುದೇನು? ಅದಕ್ಕೇ ಅವತ್ತು ಸಂಜೆ ಸ್ಕೂಟರನ್ನು ಶಾಲೆಯ ಹಿಂದೆ ಮರೆಮಾಡಿ, ಶನಿಯ ಹತ್ತಿರದ ಬಂಡೆಯೊಂದರ ಹಿಂದೆ ಹೋಗಿ ಕೂತೆ. ಶನಿಯನ್ನೇ ಏಕೆ ಆರಿಸಿಕೊಂಡೆನೆಂದರೆ ಅದು ಅಪರೂಪಕ್ಕೆ ಸರಿಯುವ ಗ್ರಹ. ಯಾರೂ ಬರದಿದ್ದರೆ ಕಾದೆನೆಂಬ ತೃಪ್ತಿಯಾದರೂ ಇರುತ್ತದೆ ಎಂಬ ಲೆಕ್ಕ.

ಹೊತ್ತು ಮುಳುಗಿತು. ಬಂಡೆ ಬೆಚ್ಚಗಿತ್ತು, ನನ್ನ ಕೈಕಾಲು ತಣ್ಣಗಿದ್ದವು. ರಾಗಿ ಹೊಲದ ಮೇಲೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ಎಲ್ಲೋ ಒಂದು ನಾಯಿ ಬೊಗಳಲು ಶುರುಮಾಡಿ, ಬೇಡವೆನ್ನಿಸಿದಂತೆ ನಿಲ್ಲಿಸಿತು. ಆಗ ಶನಿ ನಡೆಯತೊಡಗಿತು. ಸುಳ್ಳು ಹೇಳುತ್ತಿಲ್ಲ. ಎತ್ತರದ ಕಪ್ಪು ಮೈ, ಕುತ್ತಿಗೆಯ ಜಾಗದಲ್ಲಿ ಕೆಂಪು ಬಿಳಿ ಪಟ್ಟೆ, ಅದರ ಮೇಲೆ ಉಂಗುರ ತೊಟ್ಟ ಒಂದು ಉರುಟು ತಲೆ. ಸದ್ದಿಲ್ಲದೆ ರಾಗಿಯ ಅಂಚಿನಲ್ಲಿ ನನ್ನ ಕಡೆಗೇ ಬರುತ್ತಿತ್ತು. ಓಡಬೇಕೆಂದುಕೊಂಡು ಬಂಡೆಗೆ ಇನ್ನಷ್ಟು ಅಂಟಿಕೊಂಡೆ.

"ಯಾರದು?" ಎಂದೆ. ಆ ಧ್ವನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ.

ಆಕೃತಿ ನಿಂತಿತು. ಉಂಗುರದ ತಲೆ ಮೆಲ್ಲಗೆ ನನ್ನ ಕಡೆ ವಾಲಿತು. "ನಾನು ಕಣ್ ಮೇಷ್ಟ್ರೇ. ಒಸಿ ಮೆಲ್ಗೆ ಮಾತಾಡಿ" ಎಂದಿತು.

ಮರೀಗೌಡರು. ಸವಿತಳ ತಾತ, ಆ ಹೊಲದ ಯಜಮಾನರು. ತಲೆಯ ಮೇಲಿಂದ ಕಂಬಳಿ ಹೊದ್ದು, ಕೋಲನ್ನು ಎದೆಗೆ ಆನಿಸಿಕೊಂಡು ನಿಂತಿದ್ದರು. ಇನ್ನೊಂದು ಕೈಯಲ್ಲಿ ಹೆಜ್ಜೆ ಅಳಿಸಲು ಒಂದು ಕಂತೆ ಸೊಪ್ಪು. ಭಯ ಇಳಿದಷ್ಟೂ ನನಗೆ ಸಿಟ್ಟು ಏರಿತು. ಇಷ್ಟೇ ತಾನೆ, ತನ್ನ ಹೊಲದಲ್ಲಿ ಶನಿ ನಿಂತಿದೆ ಎಂಬ ಮೂಢನಂಬಿಕೆ ಎಂದುಕೊಂಡು, ಶನಿಯೆಂದರೆ ಅನಿಲದ ಒಂದು ಗೋಳವೆಂದೂ ಅದಕ್ಕೆ ನಮ್ಮ ನಿಮ್ಮ ರಾಗಿಯ ಉಸಾಬರಿ ಇಲ್ಲವೆಂದೂ ಅಲ್ಲೇ ಪಾಠ ಶುರುಮಾಡಿದೆ. ಗೌಡರು ಮರ್ಯಾದೆಯಿಂದ ಪೂರ್ತಿ ಕೇಳಿದರು. ಆಮೇಲೆ ಮೇಲಿನ ಗುಂಡನ್ನು ನೋಡಿ, "ಇದು ಸನಿನಾ?" ಎಂದರು.

"ಹೌದು ಗೌಡ್ರೇ."

"ಸನಿ ಆಗಿದ್ರೆ ನಾನ್ಯಾಕೆ ಹೊತ್ಕೊಂಡು ಅಲೀಲಿ ಮೇಷ್ಟ್ರೇ? ಸನಿ ಬಂದ್ರೆ ಏಳೂವರೆ ವರ್ಸ ಇದ್ದು ಹೊಯ್ತಾನೆ. ಕೆಂಗಲ್ ಹನುಮಪ್ಪನ ತಾವ ಹೋಗಿ ಎಳ್ಳೆಣ್ಣೆ ದೀಪ ಹಚ್ಚುದ್ರೆ ಇನ್ನೂ ಒಸಿ ಬಿರ್ನೆ ಹೊಯ್ತಾನೆ. ಪ್ಯಾಕ್ಟ್ರಿಯೋರು ಬಂದ್ರೆ ಹೊಯ್ತಾರಾ?"

ನನಗೆ ಅರ್ಥವಾಗಲಿಲ್ಲ. ಅವರು ಕೋಲಿನ ಪಟ್ಟೆಗಳ ಮೇಲೆ ಬೆರಳಾಡಿಸಿದರು. "ಈ ಕೆಂಪು ಬಿಳಿ ಕೋಲು. ನಮ್ ಬೀಗ್ರೂರಲ್ಲೂ ಮೊದ್ಲು ಹಿಂಗೇ ತಂದು ನೆಟ್ರು. ಆಮೇಕೆ ಕಲ್ಲು ಬಂತು. ಆಮೇಕೆ ತಂತಿ ಬಂತು. ಈಗ ಅಲ್ಲಿ ಗೇಟ್ ತಾವ ನಿಂತಿರೋನು, ನಮ್ ಬೀಗ್ರನ್ನೇ ಯಾರ್ನ ಕಾಣ್ಬೇಕು ಅಂತ ಕೇಳ್ತಾನೆ."

ದಶಮಾಂಶ ತಿಳಿಯಲೆಂದು ನಾನು ಬಳಿಸಿದ್ದ ಪಟ್ಟೆ ಅದು. ಜಮೀನು ಅಳೆಯುವವರ ಕೋಲೂ ಹಾಗೆಯೇ ಇರುತ್ತದೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆದಿರಲಿಲ್ಲ. ಹಾಗಾದರೆ ಕಿತ್ತು ಎಸೆಯಬಹುದಿತ್ತಲ್ಲ ಎಂದು ಕೇಳಿದೆ.

"ಅಯ್ಯೋ, ಇಸ್ಕೂಲ್ದು ಅಂತಾಳೆ ಸವಿತ, ಇಸ್ಕೂಲೂ ಗೌರ್ಮೆಂಟೇ ಅಲ್ವಾ? ಗೌರ್ಮೆಂಟ್ ಕೋಲು ಕಿತ್ರೆ ಕೇಸಾಯ್ತದೆ. ಅದೂ ಅಲ್ದೆ, ಕಾಣ್ದೆ ಹೋದ್ರೆ ಮತ್ತೆ ಬಂದು ನೆಡ್ತಾರೆ. ಐತೆ ಅನ್ನಂಗಿರ್ಬೇಕು, ನಮ್ ತಾವ ಇರ್ಬಾರ್ದು."

"ಪಕ್ಕದ ಹೊಲದವರು ಸುಮ್ಮನಿರುತ್ತಾರಾ?"

"ಅವ್ರು ಸಂದು ನೋಡ್ಕಂಡು ಅತ್ಲಾಗೆ ಇಡ್ತಾರೆ. ನಮ್ ಹೊಲಕ್ಕೆ ತಂದಿಟ್ಟೋರು ಇತ್ಲಾಗಿನೋರು. ಅದ್ಕೆಲ್ಲ ಯಾರೂ ಬೇಜಾರ್ ಮಾಡ್ಕಳಕಿಲ್ಲ" ಎಂದು ನೆಲಕ್ಕೆ ಸೊಪ್ಪು ಆಡಿಸುತ್ತ ಹೇಳಿದರು.

ಆಕಾಶದ ರಹಸ್ಯ ಅಲ್ಲೇ ಬಯಲಾಯಿತು. ಊರ ಹತ್ತಿರ ಹೊಲಗಳು ಪಾಲಾಗಿ ಪಾಲಾಗಿ ಪಂಚೆಯ ಅಗಲಕ್ಕೆ ಇಳಿದಿದ್ದವು. ಅಲ್ಲಿ ಬುಧನಿಗೆ ದಿನಕ್ಕೊಬ್ಬ ಹೊಸ ಯಜಮಾನ. ದೂರ ಹೋದಂತೆ ಹೊಲ ದೊಡ್ಡದು, ಜನ ಕಡಿಮೆ, ಆದ್ದರಿಂದ ಗ್ರಹವೂ ನಿಧಾನ. ನಾನು ನಗಬೇಕಾಗಿತ್ತು. ಆದರೆ ಕತ್ತಲಾಗುತ್ತಿದ್ದ ಆ ದಾರಿಯಲ್ಲಿ ಸ್ಕೂಟರಿನ ಕಡೆ ನಡೆಯುವಾಗ, ಸುತ್ತಲಿನ ಪ್ರತಿ ಮನೆಯಲ್ಲೂ ಒಬ್ಬರು ಕಂಬಳಿ ಹೊದ್ದು ತಮ್ಮ ಸರದಿಗಾಗಿ ಕಾಯುತ್ತಿದ್ದಾರೆ ಅನ್ನಿಸಿ, ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ದೆವ್ವವಾಗಿದ್ದರೆ ಇಲ್ಲವೆಂದು ಭಾಷಣವಾದರೂ ಮಾಡಬಹುದಿತ್ತು.

ಶನಿವಾರ ಎಲ್ಲವನ್ನೂ ಪೋಷಕರಿಗೆ ಬಿಡಿಸಿ ಹೇಳಿದೆ. ಇದು ಶಾಲೆಯ ಕೋಲು, ಬಣ್ಣ ನನ್ನದು, ತಪ್ಪೂ ನನ್ನದು ಎಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮರೀಗೌಡರು. ಗ್ರಹಗಳೆಲ್ಲ ತಮ್ಮ ತಮ್ಮ ಅಳತೆಗೆ ಮರಳಿದವು. ಸವಿತ ತಾತನ ಹೊಲದಲ್ಲಿ ನಿಂತು ನೂರಿಪ್ಪತ್ತು ಜನಕ್ಕಾದರೂ ಕೇಳುವ ದನಿಯಲ್ಲಿ ಅನುಪಾತ ವಿವರಿಸಿದಳು. ಮುಖ್ಯೋಪಾಧ್ಯಾಯರು ನನ್ನ ಬೆನ್ನು ತಟ್ಟಿ, ಕೋಲುಗಳು ಇನ್ನೊಂದಷ್ಟು ದಿನ ಇರಲಿ, ಮೇಲಿನವರು ಬಂದರೆ ತೋರಿಸೋಣ ಎಂದರು. ಇಲ್ಲಿಗೆ ಕತೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಮುಂದಿನ ವಾರದಲ್ಲಿ ಒಂದು ಬಿಳಿ ಜೀಪು ಬಂತಂತೆ. ನಾನು ತರಗತಿಯಲ್ಲಿದ್ದೆ. ಜೀಪಿನಿಂದ ಇಳಿದವರು ಗುರುವಿನ ಪಕ್ಕ ನಿಂತರಂತೆ, ಶನಿಯ ಪಕ್ಕ ನಿಂತರಂತೆ. ಕೋಲುಗಳನ್ನು ಮುಟ್ಟಲಿಲ್ಲ. ಟೀ ಅಂಗಡಿಯಲ್ಲಿ, "ಇಲ್ಲಿ ಆಗಲೇ ಯಾರು ಬಂದು ಗುರುತು ಮಾಡಿ ಹೋಗಿದ್ದಾರೆ?" ಎಂದು ಕೇಳಿದರಂತೆ. ಯಾರೂ ಬಾಯಿ ಬಿಡಲಿಲ್ಲ. ಅವರು ಏನೋ ಬರೆದುಕೊಂಡು ಹೊರಟುಹೋದರು. ಯಾವ ಇಲಾಖೆ, ಯಾವ ಕಂಪನಿ, ನಾಲ್ಕು ಕಡೆ ವಿಚಾರಿಸಿದರೂ ನನಗೆ ಪತ್ತೆಯಾಗಲಿಲ್ಲ. ನನ್ನ ಗ್ರಹಗಳನ್ನು ನೋಡಿಕೊಂಡು ಅವರು ಏನು ಬರೆದುಕೊಂಡರು? ಅನುಪಾತವನ್ನಂತೂ ಅಲ್ಲ. ಅವತ್ತೇ ಮಕ್ಕಳನ್ನು ಕರೆದುಕೊಂಡು ಹೋಗಿ ಎಲ್ಲ ಕೋಲುಗಳನ್ನೂ ಕಿತ್ತು ತರಿಸಿದೆ. ಎಲ್ಲ ಸಿಕ್ಕವು, ನೆಪ್ಚೂನೊಂದನ್ನು ಬಿಟ್ಟು. ಅಷ್ಟು ದಿನ ಅಲ್ಲಾಡದೆ ನಿಂತಿದ್ದ ಗ್ರಹ ಅದು. ಯಾರನ್ನು ಕೇಳಿದರೂ ಕಂಡಿಲ್ಲವೆಂದರು.

ಆ ಭಾನುವಾರ ಗಿರಿಜಳ ಜೊತೆ ಸೈಟಿಗೆ ಹೋದೆ. ಬಿಸಿಲು ಇಳಿದಿತ್ತು. ನಮ್ಮ ಸೈಟಿನ ನಡುಮಧ್ಯದಲ್ಲಿ, ಅಡುಗೆಮನೆಯ ಕಿಟಕಿ ಬರಬೇಕಾದ ಕಡೆ, ನೀಲಿ ಗುಂಡು ಹೊತ್ತು ನೆಪ್ಚೂನು ನಿಂತಿತ್ತು. ಸುತ್ತ ಮಣ್ಣು ನುಣ್ಣಗೆ ಗುಡಿಸಿದಂತಿತ್ತು.

"ನಿಮ್ಮ ಮಕ್ಕಳದ್ದೇ ಅಲ್ವೇನ್ರೀ?" ಎಂದು ಗಿರಿಜ ನಕ್ಕಳು. "ಚೆನ್ನಾಗಿದೆ, ಇರಲಿ ಬಿಡಿ."

ನಾನೂ ನಕ್ಕೆ. ನನ್ನದೇ ಕೋಲು, ನನ್ನದೇ ಬಣ್ಣ, ನವಾಜ್ ಸಾಬರ ಅರಗು. ಸ್ಕೂಟರಿಗೆ ಕಟ್ಟಿಕೊಂಡು ಶಾಲೆಗೆ ಒಯ್ದರೆ ಮುಗಿಯಿತು. ಅವಳ ಜೊತೆ ಸ್ಕೂಟರಿನವರೆಗೂ ನಡೆದೆ. ಹತ್ತಬೇಕೆನ್ನುವಾಗ ಆ ಬಿಳಿ ಜೀಪು ನೆನಪಾಯಿತು. ಅವರು ಇದನ್ನೂ ಬರೆದುಕೊಂಡು ಹೋಗಿದ್ದರೆ? ಮತ್ತೆ ಬಂದು, ಕೋಲು ಕಾಣದೆ, ಲೆಕ್ಕ ಹಿಡಿದು ಸರಿಯಾಗಿ ಇದೇ ಜಾಗದಲ್ಲಿ ಇನ್ನೊಂದನ್ನು ನೆಟ್ಟರೆ? "ಕರ್ಚೀಫು ಬಿದ್ದುಹೋಯ್ತು ಕಣೇ" ಎಂದು ಹೇಳಿ ವಾಪಸು ಬಂದೆ. ಬೇಗ ಬೇಗ ನೆಪ್ಚೂನನ್ನು ಕಿತ್ತು, ಎದೆಗೆ ಆನಿಸಿಕೊಂಡು, ಪಕ್ಕದ ಮುಖ್ಯೋಪಾಧ್ಯಾಯರ ಸೈಟಿಗೆ ದಾಟಿ ಒಂದು ಗುಂಡಿಯಲ್ಲಿ ನಿಲ್ಲಿಸಿದೆ. ಬೇಲಿಯಿಂದ ಒಂದು ಹಿಡಿ ಸೊಪ್ಪು ಮುರಿದುಕೊಂಡದ್ದು ಯಾವಾಗಲೋ ತಿಳಿಯದು. ಅದು ಆಗಲೇ ನನ್ನ ಕೈಯಲ್ಲಿತ್ತು.

ಬಂಡೆಯ ಹಿಂದಿನಿಂದ ಯಾರೋ ಕೆಮ್ಮಿದರು. ಮರೀಗೌಡರೋ, ಬೇರೆ ಯಾರೋ, ಇಂದಿಗೂ ಗೊತ್ತಿಲ್ಲ.

"ಒಸಿ ಆಳಕ್ಕೆ ನೆಡಿ ಮೇಷ್ಟ್ರೇ. ಗಾಳಿಗೆ ಬಿದ್ಬುಡ್ತದೆ."

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಬಗ್ಗಿ ಮಣ್ಣನ್ನು ಇನ್ನಷ್ಟು ತೋಡಿ, ಒಸಿ ಆಳಕ್ಕೇ ನೆಟ್ಟೆ.